ಹೆಸರನ್ನಲ್ಲ, ವರ್ಷವನ್ನು ಆರಿಸಿ

ಕಳೆದ ಮಳೆಗಾಲದ ಒಂದು ಶನಿವಾರ. ಮಣಿಪಾಲದ ಮಳೆ ನಿಮಗೆ ಗೊತ್ತೇ ಉಂಟಲ್ಲ, ಒಮ್ಮೆ ಹಿಡಿದರೆ ಎಂಡ್ ಪಾಯಿಂಟ್ ಕಡೆ ತಲೆ ಹಾಕುವ ಹಾಗಿಲ್ಲ. ಮೈದಾನದಲ್ಲಿ ಮೊಣಕಾಲುದ್ದ ಹುಲ್ಲು, ಹಾಸ್ಟೆಲಿನಲ್ಲಿ ಒಣಗದ ಬಟ್ಟೆಯ ವಾಸನೆ. ನಾವು ನಾಲ್ಕು ಜನ ಒಂದು ರೂಮಿನಲ್ಲಿ ಕೂತು ಆರ್‌ಸಿಬಿ ತಂಡ ಕಟ್ಟಲಿಕ್ಕೆ ಶುರು ಮಾಡಿದೆವು. ಈ ವರ್ಷದ ತಂಡ ಅಲ್ಲ. 2008ರಿಂದ 2025ರವರೆಗಿನ ಹದಿನೆಂಟೂ ಸೀಸನ್ನುಗಳಿಂದ ಹೆಕ್ಕಿದ ತಂಡ. ಕಟ್ಟಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಅವುಗಳನ್ನು ಒಂದಕ್ಕೊಂದು ಆಡಿಸುವುದು. ಸೋತವರು ಗೆದ್ದವನಿಗೆ ಉಡುಪಿಯಲ್ಲಿ ಗಡ್‌ಬಡ್ ಕೊಡಿಸಬೇಕು. ಅಷ್ಟೇ ಪಂಥ.

ಇದು ನಮ್ಮ ತಲೆಯಿಂದ ಹುಟ್ಟಿದ ಆಟ ಅಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಹುಚ್ಚರು ಇದನ್ನು ಎಷ್ಟೋ ದಶಕಗಳಿಂದ ಆಡುತ್ತಾ ಬಂದಿದ್ದಾರೆ. ಹಾಲ್ ರಿಚ್‌ಮನ್ ಎಂಬ ಗಣಿತದ ವಿದ್ಯಾರ್ಥಿ ಮಾಡಿದ ಸ್ಟ್ರಾಟ್-ಓ-ಮ್ಯಾಟಿಕ್ ಎಂಬ ಆಟ 1961ರಲ್ಲೇ ಮಾರುಕಟ್ಟೆಗೆ ಬಂತು. ಒಬ್ಬ ಆಟಗಾರನಿಗೆ ಒಂದು ಸೀಸನ್ನಿಗೆ ಒಂದು ಕಾರ್ಡು, ಮೂರು ದಾಳ. ಈಗ ಅದೇ ಆಟ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಒಂದು ತಂಡದ ನೂರು ವರ್ಷದ ಚರಿತ್ರೆಯಿಂದ ತನಗೆ ಬೇಕಾದ ವರ್ಷದ ಆಟಗಾರರನ್ನು ಆರಿಸಿ ಹೊಸ ತಂಡ ಮಾಡುತ್ತಾರೆ. ನಾವು ಶಾಲೆಯಲ್ಲಿ ಟ್ರಂಪ್ ಕಾರ್ಡು ಹಿಡಿದು, ಪುಸ್ತಕದ ಪುಟ ತೆರೆದು ಬುಕ್ ಕ್ರಿಕೆಟ್ ಆಡಿದವರೇ ತಾನೇ? ಇದು ಅದರ ಅಣ್ಣ ಅಂತ ಇಟ್ಕೊಳ್ಳಿ.

ನಮ್ಮ ನಿಯಮ ನಾಲ್ಕೇ. ಒಂದು, ಆರಿಸುವುದು ಆಟಗಾರನನ್ನಲ್ಲ, ಆಟಗಾರನ ಒಂದು ವರ್ಷವನ್ನು. ಬರೀ "ಕೊಹ್ಲಿ" ಅಂದರೆ ನಡೆಯುವುದಿಲ್ಲ, "ಕೊಹ್ಲಿ 2016" ಅನ್ನಬೇಕು. ಎರಡು, ಒಂದು ತಂಡಕ್ಕೆ ಒಂದು ವರ್ಷದಿಂದ ಒಬ್ಬನೇ. ಮೂರು, ವಿದೇಶಿಯರು ನಾಲ್ಕೇ. ನಾಲ್ಕು, ಸರದಿ ಹಾವಿನ ಹಾಗೆ ತಿರುಗುತ್ತದೆ. ಮೊದಲ ಸುತ್ತಿನಲ್ಲಿ ಕೊನೆಗೆ ಆರಿಸಿದವನು ಎರಡನೇ ಸುತ್ತಿನಲ್ಲಿ ಮೊದಲು ಆರಿಸುತ್ತಾನೆ.

ಕಾರ್ಕಳದವನಿಗೆ ಮೊದಲ ಸರದಿ. ಕೇಳಬೇಕಾ? ಕೊಹ್ಲಿ 2016. 16 ಪಂದ್ಯ, 973 ರನ್ನು, 4 ಶತಕ. ಹುಬ್ಬಳ್ಳಿಯವನು ಗೇಲ್ 2011 ಎತ್ತಿಕೊಂಡ. ನಾನು ಗೇಲ್ 2012, ಆ ವರ್ಷದ 733 ರನ್ನು. ಆಮೇಲೆ ಕಾಪುವಿನವನ ಸರದಿ. ಡಿವಿಲಿಯರ್ಸ್ ಇನ್ನೂ ಉಳಿದಿದ್ದರು. ಅವನು ಗೋಳಿಬಜೆ ಜಗಿಯುತ್ತಾ ಹೇಳಿದ, "ಕುಂಬ್ಳೆ 2009."

"ಏನ್ ಮಾಡಾಕತ್ತೀಯಲೇ ನೀ?" ಅಂದ ಹುಬ್ಬಳ್ಳಿಯವನು. ನಾವೆಲ್ಲ ನಕ್ಕೆವು. ಕಾಪುವಿನವನು ನಗಲಿಲ್ಲ. ಎರಡನೇ ಸುತ್ತೂ ಅವನದೇ. "ಹರ್ಷಲ್ 2021" ಅಂದ.

ಮಳೆ ನಿಲ್ಲುವ ಹೊತ್ತಿಗೆ ಅವನ ಪಟ್ಟಿಯಲ್ಲಿ ಹೇಝಲ್‌ವುಡ್ 2025, ಚಹಲ್ 2015, ವಿನಯ್ ಕುಮಾರ್ 2013, ಕ್ಯಾಲಿಸ್ 2010, ದ್ರಾವಿಡ್ 2008 ಎಲ್ಲ ಇದ್ದರು. ನನ್ನ ಪಟ್ಟಿ ನೋಡಿದರೆ ಯಾರಿಗಾದರೂ ಹೊಟ್ಟೆ ಉರಿಯಬೇಕು: ಗೇಲ್ 2012, ಕೊಹ್ಲಿ 2024, ಡಿವಿಲಿಯರ್ಸ್ 2016, ಮ್ಯಾಕ್ಸ್‌ವೆಲ್ 2021. ಬೌಲರುಗಳು? ಉಳಿದವರಲ್ಲಿ ಸಿಕ್ಕಿದವರು.

ಕ್ರಿಕ್‌ಶೀಟ್‌ನಲ್ಲಿ ಪ್ರತಿ ಎಸೆತದ ಲೆಕ್ಕ ಪುಕ್ಕಟೆ ಸಿಗುತ್ತದೆ. ಪೈಥಾನಿನಲ್ಲಿ ಎರಡು ರಾತ್ರಿಯ ಕೆಲಸ. ಬ್ಯಾಟರ್ ಆ ವರ್ಷ ಎಷ್ಟು ಎಸೆತಕ್ಕೆ ಒಮ್ಮೆ ಔಟಾದ, ಎಷ್ಟು ಸಲ ನಾಲ್ಕು, ಎಷ್ಟು ಸಲ ಆರು. ಬೌಲರಿಗೂ ಅದೇ ಲೆಕ್ಕ. ಆಮೇಲೆ ಎರಡನ್ನೂ ಆ ವರ್ಷದ ಇಡೀ ಐಪಿಎಲ್ ಸರಾಸರಿಗೆ ಹೋಲಿಸಿ ಸೇರಿಸುವುದು. ಈ ಕೊನೆಯ ಹೆಜ್ಜೆ ಬಿಟ್ಟರೆ ಕತೆ ಮುಗಿಯಿತು. 2009ರ ಐಪಿಎಲ್ ನಡೆದದ್ದು ದಕ್ಷಿಣ ಆಫ್ರಿಕದಲ್ಲಿ. ಆಗ ಓವರಿಗೆ ಸರಾಸರಿ ಎಂಟು ರನ್ನೂ ಆಗುತ್ತಿರಲಿಲ್ಲ, 2024ರಲ್ಲಿ ಒಂಬತ್ತು ದಾಟಿತ್ತು. ಕುಂಬ್ಳೆಯವರ ಅಂದಿನ 5.86ನ್ನು ಇಂದಿನ ಪಿಚ್ಚಿನಲ್ಲಿ ಹಾಗೇ ಇಟ್ಟರೆ ಬ್ಯಾಟರಿಗೆ ಅನ್ಯಾಯ. ಇನ್ನೊಂದು, ಪಾಟೀದಾರ್ 2022 ಅಂದರೆ ಬರೀ 8 ಪಂದ್ಯ. ಅಷ್ಟು ಸಣ್ಣ ಲೆಕ್ಕವನ್ನು ಪೂರ್ತಿ ನಂಬುವ ಹಾಗಿಲ್ಲ, ಸ್ವಲ್ಪ ಸರಾಸರಿಯ ಕಡೆ ಎಳೆಯಬೇಕು. ಪ್ರಾಬಬಿಲಿಟಿ ಕ್ಲಾಸಿನಲ್ಲಿ ನಿದ್ದೆ ಹೊಡೆದದ್ದಕ್ಕೆ ನನಗೆ ಅವತ್ತು ಪಶ್ಚಾತ್ತಾಪ ಆದದ್ದು ನಿಜ.

ಒಂದೊಂದು ಜೋಡಿಯನ್ನೂ ಸಾವಿರ ಸಲ ಆಡಿಸಿದೆವು. ಕಾಪುವಿನವನು ಮೂವರನ್ನೂ ಹೊಡೆದ. ನಾನು ಕೊನೆಗೆ ನಿಂತೆ.

ಯಾಕೆ ಹೀಗಾಯಿತು ಅಂತ ನೋಡಿದರೆ ಲೆಕ್ಕ ಸರಳ ಉಂಟು. ಟಿ20 ಇನ್ನಿಂಗ್ಸಿನಲ್ಲಿ ಇರುವುದು 120 ಎಸೆತ. ಗೇಲ್ 2012ರಲ್ಲಿ ಪಂದ್ಯಕ್ಕೆ ಸುಮಾರು 30 ಎಸೆತ ಎದುರಿಸಿದ್ದಾರೆ, ಕೊಹ್ಲಿ 2024ರಲ್ಲಿ 32, ಡಿವಿಲಿಯರ್ಸ್ 2016ರಲ್ಲಿ 25. ಮೂವರಿಗೇ 87 ಹೋಯಿತು. ಇನ್ನು ನನ್ನ ಮ್ಯಾಕ್ಸ್‌ವೆಲ್ 513 ರನ್ನಿನ ವರ್ಷ ಹಿಡಿದುಕೊಂಡು ಬಂದು ಪ್ಯಾಡ್ ಕಟ್ಟಿ ಕೂತದ್ದೇ ಬಂತು. ಒಳ್ಳೆಯ ಬ್ಯಾಟರುಗಳು ಹೆಚ್ಚಾದಷ್ಟೂ ಒಬ್ಬನ ಎಸೆತವನ್ನು ಇನ್ನೊಬ್ಬ ತಿನ್ನುತ್ತಾನೆ. ಬೌಲಿಂಗಿನಲ್ಲಿ ಹಾಗಿಲ್ಲ. ಐವರೇ ಹಾಕುವುದಾದರೆ ಐದನೇ ಬೌಲರಿಗೂ 24 ಎಸೆತ ಹಾಕಲೇಬೇಕು, ಯಾರೂ ಅವನ ಬದಲಿಗೆ ಹಾಕುವುದಿಲ್ಲ. ತಂಡದ ಅತ್ಯಂತ ದುರ್ಬಲ ಜಾಗವನ್ನು ಎದುರಾಳಿ ಪ್ರತಿ ಪಂದ್ಯದಲ್ಲೂ ಹುಡುಕಿಯೇ ಹುಡುಕುತ್ತಾನೆ.

ನಮ್ಮ ಆರ್‌ಸಿಬಿಯ ಚರಿತ್ರೆಯೂ ಇದನ್ನೇ ಹೇಳುತ್ತದಲ್ವಾ? 2016ರಲ್ಲಿ ಕೊಹ್ಲಿ, ಗೇಲ್, ಡಿವಿಲಿಯರ್ಸ್, ನಮ್ಮ ಪಕ್ಕದ ಸುರತ್ಕಲ್ಲಿನ ಎನ್‌ಐಟಿಕೆ ಆವರಣದಲ್ಲಿ ಬೆಳೆದ ಕೆ.ಎಲ್. ರಾಹುಲ್, ಎಲ್ಲರೂ ಇದ್ದರು. ಫೈನಲಿನಲ್ಲಿ ಹೈದರಾಬಾದಿಗೆ 208 ಬಿಟ್ಟುಕೊಟ್ಟು 8 ರನ್ನಿಗೆ ಸೋತೆವು. 2025ರಲ್ಲಿ ಕಪ್ ಬಂದದ್ದು ಒಂಬತ್ತು ಬೇರೆ ಬೇರೆ ಆಟಗಾರರು ಪಂದ್ಯಶ್ರೇಷ್ಠರಾದ ವರ್ಷದಲ್ಲಿ. ಜೂನ್ 3ರ ಫೈನಲನ್ನು 6 ರನ್ನಿಗೆ ಗೆದ್ದುಕೊಟ್ಟದ್ದು ಕೃಣಾಲ್ ಪಾಂಡ್ಯರ 4 ಓವರ್, 17 ರನ್, 2 ವಿಕೆಟ್.

ಆದರೆ ನಾನು ಈ ಲೇಖನ ಬರೆಯಲಿಕ್ಕೆ ಕೂತದ್ದು ಕ್ರಿಕೆಟ್ಟಿಗಾಗಿ ಅಲ್ಲ. ಮೊದಲನೇ ನಿಯಮಕ್ಕಾಗಿ. ಹೆಸರನ್ನಲ್ಲ, ವರ್ಷವನ್ನು ಆರಿಸಬೇಕು ಅಂತ ಉಂಟಲ್ಲ, ಅದು.

ಕೊಹ್ಲಿ 2016 ಅಂದರೆ 973 ರನ್ನು. ಕೊಹ್ಲಿ 2022 ಅಂದರೂ 16 ಪಂದ್ಯವೇ, ರನ್ನು 341, ಮೂರು ಸಲ ಮೊದಲ ಎಸೆತಕ್ಕೇ ಔಟು. ಒಂದೇ ಹೆಸರು, ಒಂದೇ ಕೈ, ಎರಡು ಕಾರ್ಡು. ಏಪ್ರಿಲ್ 23 ಅನ್ನುವ ದಿನವನ್ನೇ ತೆಗೆದುಕೊಳ್ಳಿ. 2013ರ ಆ ದಿನ ಆರ್‌ಸಿಬಿ 263 ಹೊಡೆಯಿತು, ಗೇಲ್ ಒಬ್ಬರದೇ 175. 2017ರ ಅದೇ ದಿನ ಈಡನ್ ಗಾರ್ಡನ್ಸಿನಲ್ಲಿ ಇಡೀ ತಂಡ 49ಕ್ಕೆ ಆಲೌಟು. ಇದರಲ್ಲಿ "ನಿಜವಾದ" ಆರ್‌ಸಿಬಿ ಯಾವುದು? ಎರಡೂ.

ಈಗ ನಮ್ಮ ಕ್ಯಾಂಪಸ್ಸಿಗೆ ಬನ್ನಿ. ಫೈನಲ್ ಇಯರ್ ಪ್ರಾಜೆಕ್ಟಿಗೆ ನಾಲ್ಕು ನಾಲ್ಕು ಜನರ ಗುಂಪು ಮಾಡುತ್ತೇವಲ್ಲ, ಅದೂ ಡ್ರಾಫ್ಟೇ. ಯಾರೂ ಹಾಗೆ ಕರೆಯುವುದಿಲ್ಲ, ಅಷ್ಟೇ. ಗ್ರೂಪಿನಲ್ಲಿ ಮೆಸೇಜು ಬಂದ ಹತ್ತು ನಿಮಿಷಕ್ಕೆ ಒಂಬತ್ತು ಸಿಜಿಪಿಎ ದಾಟಿದವರೆಲ್ಲ ಖಾಲಿ. ಮತ್ತೆ ಎಂಟೂವರೆ. ಮತ್ತೆ ಎಂಟು. ಕೊನೆಗೆ ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬೇಕು.

ಆ ಉಳಿದವರಲ್ಲಿ ನಾನೂ ಒಬ್ಬ. ನಾಲ್ಕನೇ ಸೆಮಿಸ್ಟರಿನಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ಉಡುಪಿಯ ಮನೆ, ಆಸ್ಪತ್ರೆ, ಕ್ಲಾಸು ಅಂತ ಬಸ್ಸಿನಲ್ಲೇ ಅರ್ಧ ಸೆಮಿಸ್ಟರ್ ಹೋಯಿತು. ಎರಡು ಬ್ಯಾಕ್‌ಲಾಗ್. ಮುಂದಿನ ಸಲವೇ ಎರಡನ್ನೂ ಕ್ಲಿಯರ್ ಮಾಡಿದೆ. ಆದರೆ ಸಿಜಿಪಿಎ ಮಾತ್ರ ಆಸ್ಪತ್ರೆ ಗೊತ್ತಿಲ್ಲದ ಅಂಕಿ. "ಬ್ಯಾಕ್ ಇತ್ತಲ್ಲ ಅವನಿಗೆ" ಎಂಬ ಮಾತು ನನಗಿಂತ ಮೊದಲು ಎಲ್ಲಾ ರೂಮಿಗೂ ಹೋಗಿ ಕೂತಿತ್ತು. ಯಾರ ಮೇಲೂ ಸಿಟ್ಟಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಡ್ರಾಫ್ಟಿನಲ್ಲೇ ನಾಲ್ಕು ದೊಡ್ಡ ಹೆಸರು ಹಿಡಿದುಕೊಂಡು ಸೋತವನಲ್ವಾ ನಾನು?

ನನ್ನನ್ನು ಕರೆದವನು ಯಾರು ಅಂತ ನಿಮಗೆ ಗೊತ್ತಾಗಿರಬಹುದು. "ಮಾರಾಯ, ಮೂರನೇ ಸೆಮ್ಮಿನಲ್ಲಿ ಯಾರ ಬೋರ್ಡೂ ನಡೆಯದಿದ್ದಾಗ ನಿಂದು ಮಾತ್ರ ನಡೀತಿತ್ತಲ್ಲ. ನಮ್ಮ ಗುಂಪಿಗೆ ಸರ್ಕ್ಯೂಟ್ ನೋಡುವವ ಬೇಕು. ಬಾ," ಅಂದ. ಅವನು ನನ್ನ ಹೆಸರನ್ನು ಆರಿಸಲಿಲ್ಲ, ನನ್ನ ಮೂರನೇ ಸೆಮಿಸ್ಟರನ್ನು ಆರಿಸಿದ. ತಂಡಕ್ಕೆ ಐದನೇ ಬೌಲರ್ ಬೇಕು ಅಂತ ಅವನಿಗೆ ಗೊತ್ತಿತ್ತು.

ನೋಡಿ ಹೇಗೆ ಉಂಟು ಅಂತ. ಆಟದಲ್ಲಿ ನಾವು ಒಬ್ಬನ ಅತ್ಯುತ್ತಮ ವರ್ಷ ಹುಡುಕುತ್ತೇವೆ. ಕ್ಯಾಂಪಸ್ಸಿನಲ್ಲಿ ಒಬ್ಬನ ಅತಿ ಕೆಟ್ಟ ಸೆಮಿಸ್ಟರನ್ನು ನೆನಪಿಟ್ಟುಕೊಳ್ಳುತ್ತೇವೆ. ಗೇಲ್ 2011ರ ಹರಾಜಿನಲ್ಲಿ ಯಾರಿಗೂ ಬೇಡವಾಗಿದ್ದವರು. ಗಾಯಗೊಂಡ ನ್ಯಾನಸ್ ಬದಲಿಗೆ ಅರ್ಧಕ್ಕೆ ಬಂದು 608 ರನ್ನು ಹೊಡೆದರು. ಪಾಟೀದಾರರನ್ನೂ 2022ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ. ಅವರೂ ಬದಲಿಯಾಗಿ ಬಂದು ಎಲಿಮಿನೇಟರಿನಲ್ಲಿ ಔಟಾಗದೆ 112 ಹೊಡೆದರು. ಮೂರು ವರ್ಷದ ಮೇಲೆ ಕಪ್ ಎತ್ತಿದ ನಾಯಕ ಅವರೇ.

ಇದಕ್ಕೆ ಒಂದು ತಕರಾರು ಉಂಟು, ಕಾರ್ಕಳದವನು ಅದನ್ನು ಎತ್ತಿಯೂ ಎತ್ತಿದ. "ಎಲ್ಲರದ್ದೂ ಒಳ್ಳೆ ವರ್ಷ ಮಾತ್ರ ನೋಡುದಾದ್ರೆ ಎಲ್ಲರೂ ಹೀರೋಗಳೇ. ನಾಳೆ ಅವ ಕೈಕೊಟ್ರೆ ಎಂತ ಮಾಡುದು?" ಮಾತು ಸರಿಯೇ. ಒಂದು ಒಳ್ಳೆ ಸೆಮಿಸ್ಟರ್ ನೋಡಿ ಕಣ್ಣು ಮುಚ್ಚಿ ನಂಬುವುದೂ ತಪ್ಪು, ಎಂಟು ಪಂದ್ಯದ ಲೆಕ್ಕವನ್ನು ಪೂರ್ತಿ ನಂಬಿದ ಹಾಗೆ. ಅದಕ್ಕೇ ನಾವು ಸರಾಸರಿಯ ಕಡೆ ಸ್ವಲ್ಪ ಎಳೆದದ್ದು. ಆದರೆ ಒಂದು ಕೆಟ್ಟ ಸೆಮಿಸ್ಟರನ್ನು ಪೂರ್ತಿ ನಂಬುವುದೂ ಅಷ್ಟೇ ತಪ್ಪು ಲೆಕ್ಕ. ಅಲ್ಲಿ ಮಾತ್ರ ಯಾಕೆ ಯಾರೂ ಎಳೆಯುವುದಿಲ್ಲ?

ಹಾಗಾಗಿ ನನ್ನದು ಎರಡು ಕೋರಿಕೆ. ಮೊದಲನೆಯದು ಜೂನಿಯರುಗಳಿಗೆ. ಪ್ರಾಜೆಕ್ಟಿನ ಗುಂಪು ಮಾಡುವಾಗ ಸಿಜಿಪಿಎ ಕೇಳುವ ಮೊದಲು ಕಾಗದದಲ್ಲಿ ನಾಲ್ಕು ಕೆಲಸ ಬರೆಯಿರಿ: ಸರ್ಕ್ಯೂಟ್ ಯಾರು, ಕೋಡ್ ಯಾರು, ರಿಪೋರ್ಟ್ ಯಾರು, ಗೈಡಿನ ಹತ್ತಿರ ಹೋಗಿ ಮಾತಾಡುವವರು ಯಾರು. ಆಮೇಲೆ ಆ ಕೆಲಸವನ್ನು ಒಮ್ಮೆಯಾದರೂ ಚೆನ್ನಾಗಿ ಮಾಡಿದವರನ್ನು ಹುಡುಕಿ. ನಾಲ್ಕು ಜನ ಟಾಪರುಗಳು ಸೇರಿ ನಾಲ್ವರೂ ಕೋಡ್ ಬರೆದು, ರಿಪೋರ್ಟಿಗೆ ಯಾರೂ ಇಲ್ಲದೆ ಕೊನೇ ರಾತ್ರಿ ಜಗಳ ಆಡಿದ ಗುಂಪನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡನೆಯದು ನಮ್ಮ ಕನ್ನಡ ಬಳಗಕ್ಕೆ. ಬರುವ ಮಳೆಗಾಲದಲ್ಲಿ ಒಂದು ಡ್ರಾಫ್ಟ್ ಇಡೋಣ. ದುಡ್ಡು ಮಾತ್ರ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನ ಕಾಯ್ದೆ ನಿಷೇಧಿಸಿದೆ. ಅದಕ್ಕೂ ಮೊದಲು ಮೆಸ್ಸಿನ ದುಡ್ಡು ಅದರಲ್ಲಿ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ. ಮುಗಿದ ಸೀಸನ್ನಿನ ಮೇಲೆ ಯಾರೂ ದುಡ್ಡು ಕಟ್ಟುವುದಿಲ್ಲ, ಅದೇ ಈ ಆಟದ ಚಂದ. ಈ ಸಲ ಆರ್‌ಸಿಬಿ ಬದಲು ಕರ್ನಾಟಕದ ರಣಜಿ ತಂಡ ತೆಗೆದುಕೊಳ್ಳೋಣ. 1973-74ರಲ್ಲಿ ಸೆಮಿಫೈನಲಿನಲ್ಲಿ ಬಾಂಬೆಯ ಹದಿನೈದು ವರ್ಷದ ಓಟ ನಿಲ್ಲಿಸಿ ಗೆದ್ದ ಪ್ರಸನ್ನರ ತಂಡದಿಂದ 2014-15ರ ವಿನಯ್ ಕುಮಾರ್ ತಂಡದವರೆಗೆ ಎಂಟು ಪ್ರಶಸ್ತಿ. ಅದಕ್ಕೂ ಹಿಂದಿನ ಮೈಸೂರು ತಂಡ ಬೇರೆ. ಫೈನಲಿನಲ್ಲಿ 328 ಹೊಡೆದ ಕರುಣ್ ನಾಯರ್ ಯಾರ ಪಾಲಿಗೋ ನೋಡೋಣ.

ಕುಂಬ್ಳೆ ಯಾವ ವರ್ಷದವರು ಸಿಕ್ಕಿದರೂ ಕಾಪುವಿನವನು ಬಿಡುವುದಿಲ್ಲ, ಅದು ನನಗೆ ಗೊತ್ತು. "ಆರ್‌ವಿ ಕಾಲೇಜಿನ ಮೆಕ್ಯಾನಿಕಲ್ ಇಂಜಿನಿಯರ್ ಮಾರಾಯ, ನಮ್ಮವರು," ಅಂತಾನೆ. ಮೂಲ್ಕಿಯ ಬುಧಿ ಕುಂದರನ್ ಅವರೂ ಮೈಸೂರಿಗೆ ಆಡಿದ್ದಾರೆ ಅಂತ ಕೇಳಿ ಈಗಲೇ ಹಕ್ಕು ಹಾಕಿಟ್ಟಿದ್ದಾನೆ, ಕಾಪುವಿಗೆ ಮೂಲ್ಕಿ ಹತ್ತಿರ ಅಂತ.

ಅಂದ ಹಾಗೆ, ಗಡ್‌ಬಡ್ ನಾನೇ ಕೊಡಿಸಿದೆ. ಅವನು ಎರಡು ತಿಂದ.