ಹಗುರ ಸಿಎಸ್ಎಸ್‌ಗೆ ಒತ್ತಕ್ಷರದ ಪರೀಕ್ಷೆ

ಊರಿನ ಸಹಕಾರ ಸಂಘಕ್ಕೋ, ಸಣ್ಣ ಸಾಹಿತ್ಯ ಪತ್ರಿಕೆಗೋ, ಸರ್ಕಾರಿ ಶಾಲೆಗೋ ಜಾಲತಾಣ ಮಾಡಿಕೊಡಲು ಕೂತ ಡೆವಲಪರ್‌ಗಳಲ್ಲಿ ಹಲವರು ಮೊದಲು ಸೇರಿಸುವುದು ಬೂಟ್‌ಸ್ಟ್ರ್ಯಾಪ್. ಪುಟದಲ್ಲಿ ಏನಿದೆ ಎಂದು ಎಚ್‌ಟಿಎಂಎಲ್ ಹೇಳಿದರೆ, ಅದು ಹೇಗೆ ಕಾಣಬೇಕು ಎಂದು ಸಿಎಸ್ಎಸ್ ಹೇಳುತ್ತದೆ. ಬಟನ್, ಫಾರ್ಮ್, ಕೋಷ್ಟಕ, ಮೆನು ಎಲ್ಲಕ್ಕೂ ಸಿಎಸ್ಎಸ್ ಅನ್ನು ಮೊದಲೇ ಬರೆದಿಟ್ಟ ಕಟ್ಟು ಫ್ರೇಮ್‌ವರ್ಕ್. ಟ್ವಿಟರ್‌ನಲ್ಲಿದ್ದ ಮಾರ್ಕ್ ಒಟ್ಟೊ ಮತ್ತು ಜೇಕಬ್ ಥಾರ್ನ್‌ಟನ್ ಕಂಪನಿಯ ಒಳಬಳಕೆಗೆ ರೂಪಿಸಿದ್ದ ಬೂಟ್‌ಸ್ಟ್ರ್ಯಾಪ್ 2011ರ ಆಗಸ್ಟ್‌ನಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂತು. ದೊಡ್ಡ ಕಚೇರಿಯ ಹತ್ತಾರು ಫಾರ್ಮ್‌ಗಳಿಗೆ, ಪಾಪ್‌ಅಪ್‌ಗಳಿಗೆ ಅದು ಇಂದಿಗೂ ಒಳ್ಳೆಯ ಆಯ್ಕೆ. ನಾಲ್ಕು ಪುಟ, ಒಂದು ಫಾರ್ಮ್, ಎರಡು ಕೋಷ್ಟಕದ ತಾಣಕ್ಕೆ ಮಾತ್ರ ಅದು ಅಗತ್ಯಕ್ಕಿಂತ ಬಹಳ ಹೆಚ್ಚು.

ಐದನೇ ಆವೃತ್ತಿಯ ಪೂರ್ಣ ಸಿಎಸ್ಎಸ್ ಫೈಲ್ 200 ಕಿಲೋಬೈಟ್ ದಾಟುತ್ತದೆ. ಜಿಜಿಪ್‌ನಲ್ಲಿ ಕುಗ್ಗಿಸಿ ಕಳಿಸಿದರೂ ಸುಮಾರು 30 ಕೆಬಿ. ಫೋಟೊ ಒಂದಕ್ಕೇ ಅದಕ್ಕಿಂತ ಹೆಚ್ಚಾಗುತ್ತದಲ್ಲ ಎನ್ನಬಹುದು. ಆದರೆ ಫೋಟೊ ತಡವಾಗಿ ಬಂದರೂ ಬರಹ ಓದಲು ಅಡ್ಡಿಯಿಲ್ಲ. ಪುಟದ ತಲೆಭಾಗದಲ್ಲಿ ಸೇರಿಸಿದ ಸಿಎಸ್ಎಸ್ ಹಾಗಲ್ಲ. ಅದು ಬಂದು ತಲುಪುವ ತನಕ ಬ್ರೌಸರ್ ತೆರೆಯ ಮೇಲೆ ಒಂದಕ್ಷರವನ್ನೂ ಮೂಡಿಸದು. ಹೊಸ ಸಂಪರ್ಕದಲ್ಲಿ ಸರ್ವರ್ ಮೊದಲ ಸುತ್ತಿಗೆ ಸಾಮಾನ್ಯವಾಗಿ ಕಳಿಸುವುದು ಸುಮಾರು 14 ಕೆಬಿ. ಉಳಿದದ್ದಕ್ಕೆ ಮತ್ತೆ ಸುತ್ತು ಹೊಡೆಯಬೇಕು. ಸಿಗ್ನಲ್ ಕ್ಷೀಣವಾಗಿರುವ ಊರಿನಲ್ಲಿ ಒಂದೊಂದು ಸುತ್ತೂ ಕಾಯುವಿಕೆಯೇ.

ಹಗುರ ಫ್ರೇಮ್‌ವರ್ಕ್‌ಗಳು ಹುಟ್ಟಿದ್ದು ಇಂಥ ಹೊರೆ ಇಳಿಸಲು. ಯಾಹೂ ಕಂಪನಿ 2013ರಲ್ಲಿ ಹೊರತಂದ ಪ್ಯೂರ್ ಕುಗ್ಗಿದ ಮೇಲೆ ಮೂರೂವರೆ ಕೆಬಿಯಷ್ಟು. ಮಿಲಿಗ್ರಾಮ್ ಎರಡು ಕೆಬಿ. ಡೇವ್ ಗಮಾಶೆ ಬರೆದ ಸ್ಕೆಲಿಟನ್ ಸುಮಾರು 400 ಸಾಲು, ಕಲಿಯುವವರು ಒಂದೇ ಬಾರಿ ಕೂತು ಪೂರ್ತಿ ಓದಬಹುದಾದಷ್ಟು. ಚೋಟಾ ಮೂರು ಕೆಬಿಯ ಆಸುಪಾಸಿನದು. ಪಿಕೊ ಇವುಗಳಿಗಿಂತ ದಪ್ಪ, ಹತ್ತು ಕೆಬಿಗೆ ಸ್ವಲ್ಪ ಹೆಚ್ಚು. ಹೆಚ್ಚಿನವು ಎಂಐಟಿ ಪರವಾನಗಿಯಲ್ಲಿವೆ, ಪ್ಯೂರ್ ಬಿಎಸ್‌ಡಿ ಪರವಾನಗಿಯಲ್ಲಿದೆ. ಅಂದರೆ ಪರವಾನಗಿಯ ಒಕ್ಕಣೆ ಉಳಿಸಿಕೊಂಡರೆ ಸಾಕು. ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು, ಹಣ ಪಡೆದು ಮಾಡುವ ಕೆಲಸಕ್ಕೂ ಬಳಸಬಹುದು.

ಇವುಗಳನ್ನು ಹೋಲಿಸುವ ಬರಹಗಳು ಸಾಮಾನ್ಯವಾಗಿ ಕೆಬಿಯ ಪಟ್ಟಿ ಕೊಟ್ಟು ನಿಲ್ಲುತ್ತವೆ. ಕನ್ನಡದ ಪುಟ ಕಟ್ಟುವವರಿಗೆ ಅಷ್ಟು ಸಾಲದು. ಫ್ರೇಮ್‌ವರ್ಕ್ ಬರೆದವರ ಕಣ್ಣ ಮುಂದೆ ಇದ್ದದ್ದು ಲ್ಯಾಟಿನ್ ಲಿಪಿ, ಅದರ ಅಳತೆಗಳೇ ಪ್ರತಿ ಸಾಲಿನಲ್ಲೂ ಕೂತಿವೆ.

ಮಿಲಿಗ್ರಾಮ್ ಮತ್ತು ಸ್ಕೆಲಿಟನ್‌ಗಳ ಬಟನ್ ಒಂದನ್ನೇ ಬಿಡಿಸಿ ನೋಡಿದರೆ ಸಾಕು. ಎರಡರಲ್ಲೂ ಅಕ್ಷರದ ಗಾತ್ರ 11 ಪಿಕ್ಸೆಲ್, ದಪ್ಪ ಅಚ್ಚು, ಅಕ್ಷರಗಳ ನಡುವೆ ಒಂದು ಪಿಕ್ಸೆಲ್ ಹೆಚ್ಚುವರಿ ತೆರಪು, ಎಲ್ಲವೂ ಕ್ಯಾಪಿಟಲ್ ಅಕ್ಷರ, ಎತ್ತರ 38 ಪಿಕ್ಸೆಲ್‌ಗೆ ಗಟ್ಟಿ, ಸಾಲು ಮುರಿಯುವಂತಿಲ್ಲ. ಇಂಗ್ಲಿಷಿನ ‘ಸಬ್‌ಮಿಟ್’ಗೆ ಇದು ಅಂದವಾಗಿಯೇ ಒಪ್ಪುತ್ತದೆ, 11 ಪಿಕ್ಸೆಲ್ ಆದರೂ ಕ್ಯಾಪಿಟಲ್ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಕನ್ನಡದಲ್ಲಿ ಕ್ಯಾಪಿಟಲ್ ಇಲ್ಲ, ಹಾಗಾಗಿ ಆ ನಿಯಮದಿಂದ ಏನೂ ಆಗದು. ಉಳಿಯುವುದು 11 ಪಿಕ್ಸೆಲ್‌ನ ದಪ್ಪ ಅಕ್ಷರ ಮಾತ್ರ. ಅಷ್ಟು ಚಿಕ್ಕ ಜಾಗದಲ್ಲಿ ಮಹಾಪ್ರಾಣದ ಸೀಳು ಮುಚ್ಚಿಹೋಗಿ ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ವ್ಯತ್ಯಾಸ ತಿಳಿಯದಾಗುತ್ತದೆ. ಇನ್ನು ‘ದಾಖಲೆಗಳನ್ನು ಅಪ್‌ಲೋಡ್ ಮಾಡಿ’ ಎಂಬ ಬರಹ. ಸಾಲು ಮುರಿಯಬಾರದೆಂಬ ನಿಯಮದ ಜೊತೆಗೆ ಎರಡೂ ಬದಿಗೆ ಮೂವತ್ತು ಪಿಕ್ಸೆಲ್ ಅಂಚು ಸೇರುತ್ತದೆ. ಅಕ್ಷರ ಚಿಕ್ಕದೆಂದು ಗಾತ್ರವನ್ನು 16 ಪಿಕ್ಸೆಲ್‌ಗೆ ಏರಿಸಿದರೆ, ಕಿರಿದಾದ ಫೋನಿನಲ್ಲಿ ಬಟನ್ ಪರದೆಯ ಅಂಚಿಗೆ ಬಂದು ಮುಟ್ಟುತ್ತದೆ, ಮಾತು ಇನ್ನೊಂದು ಪದ ಬೆಳೆದರೆ ದಾಟಿಯೂ ಹೋಗುತ್ತದೆ. ಅರ್ಜಿ ಹಾಕಲು ಬಂದವರ ಮುಖ್ಯ ಬಟನ್ ಹೀಗಿದ್ದರೆ ಎರಡು ಕೆಬಿಯ ಉಳಿತಾಯದಿಂದ ಯಾರಿಗೂ ಉಪಯೋಗವಿಲ್ಲ.

ಶೀರ್ಷಿಕೆಗಳದ್ದು ಬೇರೆಯೇ ತೊಂದರೆ. ಅಕ್ಷರದ ಗಾತ್ರಕ್ಕೆ ಹೋಲಿಸಿ ಸಾಲಿನ ಎತ್ತರ ಎಷ್ಟಿರಬೇಕೆಂದು ಹೇಳುವ ನಿಯಮ ಲೈನ್-ಹೈಟ್. ಶೀರ್ಷಿಕೆಗೆ ಬೂಟ್‌ಸ್ಟ್ರ್ಯಾಪ್ ಕೊಡುವುದು 1.2, ಬಲ್ಮಾ ಎಂಬ ಇನ್ನೊಂದು ಫ್ರೇಮ್‌ವರ್ಕ್ 1.125, ಪಿಕೊದ ಅತಿ ದೊಡ್ಡ ಶೀರ್ಷಿಕೆಗೂ 1.125. ಟೈಲ್‌ವಿಂಡ್ ಎಂಬ ಫ್ರೇಮ್‌ವರ್ಕ್‌ನ ದೊಡ್ಡ ಗಾತ್ರಗಳಲ್ಲಿ ಅದು ಬರೀ 1. ಇಂಗ್ಲಿಷ್ ಅಕ್ಷರಗಳು ಸಾಲಿನ ಮೇಲೂ ಕೆಳಗೂ ಚಾಚುವುದು ಅಲ್ಪ, ಆದ್ದರಿಂದ ಬಿಗಿ ಕಟ್ಟು ಚೆನ್ನಾಗಿ ಕಾಣುತ್ತದೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ, ಗುಡಿಸು ಮೇಲೇಳುತ್ತದೆ. ‘ರಾಷ್ಟ್ರೀಯ ಸ್ವಾಸ್ಥ್ಯ’ ಎಂದು ಶುರುವಾಗಿ ಎರಡನೇ ಸಾಲು ‘ನಿಧಿ’ ಎಂದು ಬಂದರೆ, ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿನ ಮೇಲೆ ಕೂರುತ್ತದೆ. ಫೋನಿನ ಪರದೆಯಲ್ಲಿ ಕನ್ನಡದ ಶೀರ್ಷಿಕೆಗಳು ಎರಡು ಮೂರು ಸಾಲಿಗೆ ಒಡೆಯುವುದು ಮಾಮೂಲು, ಹಾಗಾಗಿ ಈ ಡಿಕ್ಕಿಯೂ ಮಾಮೂಲು.

ಫಾಂಟ್ ವಿಷಯದಲ್ಲಿ ಆಗುವುದು ಶುದ್ಧ ವ್ಯರ್ಥ. ಮಿಲಿಗ್ರಾಮ್ ರೊಬೊಟೊ ಫಾಂಟನ್ನೂ ಸ್ಕೆಲಿಟನ್ ರೇಲ್‌ವೇ ಫಾಂಟನ್ನೂ ನೆಚ್ಚಿ ಬರೆದವು. ಎರಡರಲ್ಲೂ ಕನ್ನಡ ಅಕ್ಷರಗಳಿಲ್ಲ. ಮಾದರಿ ಪುಟದಲ್ಲಿ ಇದ್ದಂತೆಯೇ ನಕಲಿಸಿದವರು, ಕನ್ನಡ ಓದುಗರಿಗೆ ಕನ್ನಡವೇ ಇಲ್ಲದ ಫಾಂಟನ್ನು ಇಳಿಸಿಕೊಳ್ಳಲು ಹೇಳಿದಂತಾಯಿತು. ಪಿಕೊ ಇಲ್ಲಿ ಜಾಣತನ ತೋರಿದೆ, ಸಾಧನದಲ್ಲಿ ಮೊದಲೇ ಇರುವ ಫಾಂಟನ್ನೇ ಕರೆಯುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಇದ್ದೇ ಇರುತ್ತವೆ. ಅಂದಕ್ಕಾಗಿ ಅನೇಕ್ ಕನ್ನಡದಂಥ ಫಾಂಟ್ ಬೇಕೆಂದರೆ ತಪ್ಪೇನಲ್ಲ. ಆದರೆ ಕನ್ನಡ ಫಾಂಟ್ ಫೈಲ್ ಒಂದು ಹತ್ತಾರು ಕೆಬಿ ತೂಗುತ್ತದೆ. ಆ ತೂಕದ ಪಕ್ಕದಲ್ಲಿ ಎರಡು ಕೆಬಿಯ ಫ್ರೇಮ್‌ವರ್ಕೋ ಹತ್ತು ಕೆಬಿಯದೋ ಎಂಬ ಜಗಳ ಸಣ್ಣದು.

ಹಾಗಾದರೆ ಯಾವುದು? ಬರಹವೇ ಮುಖ್ಯವಾದ ತಾಣಕ್ಕೆ ಪಿಕೊ. ಕ್ಲಾಸ್‌ಗಳ ಸಾಲು ಬರೆಯದೆ ಶುದ್ಧ ಎಚ್‌ಟಿಎಂಎಲ್ ಇಟ್ಟರೆ ಸಾಕು, ಅದೇ ಅಂದಗೊಳಿಸುತ್ತದೆ. ಮಡಚಿ ತೆರೆಯುವ ಪ್ರಶ್ನೋತ್ತರಕ್ಕೆ, ಪಾಪ್‌ಅಪ್‌ಗೆ ಎಚ್‌ಟಿಎಂಎಲ್‌ನದೇ ಡೀಟೇಲ್ಸ್, ಡೈಲಾಗ್ ಟ್ಯಾಗ್‌ಗಳನ್ನು ಬಳಸುತ್ತದೆ. ಫಾರ್ಮ್‌ನ ಸಲ್ಲಿಕೆ ಬಟನ್ ಪೂರ್ತಿ ಅಗಲಕ್ಕೆ ಹರಡುವುದರಿಂದ ಉದ್ದನೆಯ ಕನ್ನಡ ಮಾತಿಗೆ ಜಾಗ ಸಿಗುತ್ತದೆ. ಸಾಲಿನ ಎತ್ತರವೂ ಬಣ್ಣವೂ ವೇರಿಯಬಲ್‌ಗಳಲ್ಲಿವೆ, ಮೂಲ ಫೈಲನ್ನು ಮುಟ್ಟದೆ ಬದಲಿಸಬಹುದು. ಅಕ್ಷರವಿನ್ಯಾಸವನ್ನು ಪೂರ್ತಿ ತಾವೇ ನಿರ್ಧರಿಸಬಲ್ಲವರಿಗೆ ಪ್ಯೂರ್; ಅದು ಆ ವಿಷಯದಲ್ಲಿ ಹೆಚ್ಚು ಮೂಗು ತೂರಿಸುವುದಿಲ್ಲ, ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳಲೂ ಬಿಡುತ್ತದೆ.

ಸ್ಕೆಲಿಟನ್ ಓದಿ ಕಲಿಯಲು ಒಳ್ಳೆಯದು, ಹೊಸ ತಾಣಕ್ಕೆ ಬೇಡ. ಅದರ 2.0.4 ಆವೃತ್ತಿಯ ಮೇಲಿರುವುದು 2014ರ ಡಿಸೆಂಬರ್ ತಾರೀಖು. ಬ್ರೌಸರ್‌ಗಳಿಗೆ ಸಿಎಸ್ಎಸ್ ಗ್ರಿಡ್ ಬಂದದ್ದು 2017ರಲ್ಲಿ. ಆಮೇಲೆ ಕಾಲಮ್ ಹೊಂದಿಸುವುದಕ್ಕಾಗಿಯೇ ಫ್ರೇಮ್‌ವರ್ಕ್ ಹಿಡಿಯುವ ಅಗತ್ಯ ಬಹುಮಟ್ಟಿಗೆ ಹೋಯಿತು. ಜಾವಾಸ್ಕ್ರಿಪ್ಟ್ ಇಲ್ಲವೆಂಬ ಕಾರಣಕ್ಕೆ ಬಲ್ಮಾವನ್ನು ಹಗುರ ಎನ್ನುವವರಿದ್ದಾರೆ, ಆದರೆ ಅದರ ಪೂರ್ಣ ಫೈಲ್ ಬೂಟ್‌ಸ್ಟ್ರ್ಯಾಪ್‌ಗಿಂತ ಚಿಕ್ಕದೇನಲ್ಲ. ಟೈಲ್‌ವಿಂಡ್ ಬಳಸದ ನಿಯಮಗಳನ್ನು ಕೈಬಿಟ್ಟು ಪುಟ್ಟ ಫೈಲ್ ಕೊಡುತ್ತದೆ, ನಿಜ. ಅದಕ್ಕೆ ಬಿಲ್ಡ್ ವ್ಯವಸ್ಥೆ ಬೇಕು. ಶಾಲೆಯ ತಾಣವನ್ನು ಮುಂದೆ ನೋಡಿಕೊಳ್ಳುವ ಮೇಷ್ಟರಿಗೆ ಆ ಹೊರೆ ಹೊರಿಸುವುದು ಸರಿಯಲ್ಲ.

ಯಾವುದನ್ನೇ ಆರಿಸಿದರೂ ಕನ್ನಡಕ್ಕೆಂದು ಹತ್ತು ಸಾಲಿನ ಪ್ರತ್ಯೇಕ ಫೈಲ್ ಬೇಕೇ ಬೇಕು. ಎಚ್‌ಟಿಎಂಎಲ್ ಟ್ಯಾಗ್‌ನಲ್ಲಿ ಭಾಷೆ ಕನ್ನಡವೆಂದು ಗುರುತಿಸಿದರೆ, ಸಿಎಸ್ಎಸ್‌ನ ಲ್ಯಾಂಗ್ ಸೆಲೆಕ್ಟರ್‌ನಿಂದ ಕನ್ನಡಕ್ಕೆ ಮಾತ್ರ ನಿಯಮ ಬರೆಯಬಹುದು. ಬರಹಕ್ಕೆ ಲೈನ್-ಹೈಟ್ 1.7ರ ಸುಮಾರು, ಶೀರ್ಷಿಕೆಗೆ 1.4, ಲೆಟರ್-ಸ್ಪೇಸಿಂಗ್ ಸೊನ್ನೆ. ಬಟನ್‌ಗೆ 16 ಪಿಕ್ಸೆಲ್, ಗಟ್ಟಿ ಎತ್ತರದ ಬದಲು ಕನಿಷ್ಠ ಎತ್ತರ, ಸಾಲು ಮುರಿಯಲು ಅವಕಾಶ. ಕನ್ನಡ ಫಾಂಟ್‌ಗಳಲ್ಲಿ ನಿಜವಾದ ಇಟಾಲಿಕ್ ಇರುವುದು ಅಪರೂಪ, ಬ್ರೌಸರ್ ಅಕ್ಷರವನ್ನು ಸುಮ್ಮನೆ ಓರೆ ಮಾಡುತ್ತದೆ. ಒತ್ತು ಕೊಡಲು ದಪ್ಪಕ್ಷರವೇ ಇರಲಿ. ಈ ಫೈಲನ್ನು ಫ್ರೇಮ್‌ವರ್ಕ್‌ನ ನಂತರ ಸೇರಿಸಬೇಕು. ಎರಡು ನಿಯಮಗಳ ಬಲ ಸಮನಾಗಿದ್ದಾಗ ಬ್ರೌಸರ್ ಪಾಲಿಸುವುದು ಕೊನೆಗೆ ಬಂದದ್ದನ್ನು.