ಓದಿ ಹೇಳುವ ಪೆಟ್ಟಿಗೆ

ಕಳೆದ ವಾರ ಮೊಮ್ಮಗಳು ಅವಳಪ್ಪನ ಹಳೆಯ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡುತ್ತಾ, "ತಾತ, ಇಂಥದ್ದನ್ನೆಲ್ಲ ಬೇರೆ ದೇಶದವರೇ ಯಾಕೆ ಮಾಡ್ತಾರೆ? ನಮ್ಮೋರು ಯಾರೂ ಮಾಡ್ಲೇ ಇಲ್ವಾ?" ಎಂದು ಕೇಳಿದಳು. ಮಾಡಿದ್ದರು ಮಗು, ನಮ್ಮ ಬೆಂಗಳೂರಿನಲ್ಲೇ ಮಾಡಿದ್ದರು ಎಂದೆ. ಅವಳು ನಂಬಲಿಲ್ಲ. ಈ ವಾರ ಅದೇ ಕಥೆ. ಅದಕ್ಕೆ ಮುಂಚೆ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅದನ್ನು ಹೇಳದೆ ಆ ಯಂತ್ರದ ಬೆಲೆ ನಿಮಗೆ ತಿಳಿಯುವುದಿಲ್ಲ.

ಆಗ ನಾನು ಒಂದು ಹಳ್ಳಿಯ ಶಾಖೆಯಲ್ಲಿ ಗುಮಾಸ್ತ. ಸಂತೆಯ ದಿನ ಕೌಂಟರಿನ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಸೊಪ್ಪು ಮಾರುವ ಹೆಂಗಸೊಬ್ಬಳು ಪಾಸ್‌ಬುಕ್ ಚಾಚಿ, "ಎಷ್ಟೈತೆ ನೋಡಿ ಸ್ವಾಮಿ" ಎಂದಳು. ಪುಟದ ಕೊನೆಯ ಸಾಲು ನೋಡಿ, "ಮುನ್ನೂರ ಹನ್ನೆರಡು" ಎಂದು ಪುಸ್ತಕ ಹಿಂದಕ್ಕೆ ತಳ್ಳಿದೆ. ಹಾಳೆ ತಿರುವಲಿಲ್ಲ. ಮಗ್ಗುಲ ಪುಟದ ಮೊದಲ ಸಾಲಿನಲ್ಲೇ ಸಾಲದ ಕಂತು ಕಡಿತವಾಗಿ, ಉಳಿದಿದ್ದದ್ದು ನಲವತ್ತೆರಡು ರೂಪಾಯಿ. ಅವಳು ನನ್ನ ಮಾತು ನಂಬಿ ಅಂದೇ ಸಂತೆಯಲ್ಲಿ ಒಂದು ಕರುವಿಗೆ ಮುಂಗಡ ಕೊಟ್ಟಳು. ಮುಂದಿನ ವಾರ ಹಣ ತೆಗೆಯಲು ಬಂದಾಗ ಹಣವಿಲ್ಲ. ಕರುವೂ ಹೋಯಿತು, ಮುಂಗಡವೂ ಹೋಯಿತು. ಅವಳು ನನ್ನನ್ನು ಬೈಯಲಿಲ್ಲ. ಆಮೇಲೆ ಪ್ರತಿ ಸಲವೂ ನಾನು ಓದಿ ಹೇಳಿದ ಮೇಲೆ ಪಾಸ್‌ಬುಕ್ ಹಿಡಿದು ಹೊರಗೆ ಹೋಗಿ, ಶಾಲೆಗೆ ಹೋಗುವ ಯಾವುದಾದರೂ ಹುಡುಗನಿಂದ ಇನ್ನೊಮ್ಮೆ ಓದಿಸಿಕೊಳ್ಳುತ್ತಿದ್ದಳು. ಕಿಟಕಿಯಿಂದ ಅದು ನನಗೆ ಕಾಣಿಸುತ್ತಿತ್ತು. ಬೈದಿದ್ದರೆ ವಾಸಿಯಿತ್ತು.

2001ರ ಏಪ್ರಿಲ್‌ನಲ್ಲಿ ಪತ್ರಿಕೆಯಲ್ಲಿ 'ಸಿಂಪ್ಯೂಟರ್' ಎಂಬ ಹೆಸರು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹೆಂಗಸು. ಅಂಗೈಯಲ್ಲಿ ಹಿಡಿಯುವ ಗಣಕ. ಬೆರಳಿಗೆ ಬದಲು ಒಂದು ಕಡ್ಡಿಯಿಂದ ಪರದೆಯನ್ನು ಮುಟ್ಟಿದರೆ ಕೆಲಸ ಮಾಡುತ್ತದೆ. ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುತ್ತದೆ! ಅಕ್ಷರ ಬಾರದವರಿಗೂ ಬೇಕು ಎಂದೇ ಮಾಡಿದ ಗಣಕದ ಸುದ್ದಿಯನ್ನು ನಾನು ಓದಿದ್ದು ಅದೇ ಮೊದಲು.

ಇದರ ಬೀಜ ಬಿದ್ದದ್ದು 1998ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ ನಡೆದ ಒಂದು ವಿಚಾರ ಸಂಕಿರಣದಲ್ಲಿ. ನಮ್ಮಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಅಧ್ಯಾಪಕರು, ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯ ಮೂವರು ಸೇರಿ ಮರುವರ್ಷ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಅಧ್ಯಾಪಕರ ಪೈಕಿ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಇದ್ದರು. ಸರಳ, ಅಗ್ಗ, ಬಹುಭಾಷೆ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕಂಪ್ಯೂಟರಿನ ಬಾಲಕ್ಕೆ ಗಂಟು ಹಾಕಿದರೆ ಬರುವ ಹೆಸರೇ ಸಿಂಪ್ಯೂಟರ್.

ಒಳಗೆ ಇದ್ದದ್ದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಮುಕ್ತ ಎಂದರೆ ಏನು? ನಮ್ಮ ಬ್ಯಾಂಕಿನ ಲೆಡ್ಜರನ್ನು ಬಾಗಿಲು ಹಾಕಿಕೊಂಡು ಬರೆಯುವುದು ಒಂದು ಬಗೆ. ಊರಿನವರೆಲ್ಲ ಬಂದು ಪುಟ ತೆರೆದು ಲೆಕ್ಕ ನೋಡಿ, ತಪ್ಪಿದ್ದರೆ ತಿದ್ದಿ ಹೋಗಬಹುದು ಎನ್ನುವುದು ಇನ್ನೊಂದು ಬಗೆ. ಲಿನಕ್ಸ್ ಎರಡನೆಯದು. (ಬ್ಯಾಂಕಿನಲ್ಲಿ ಹಾಗೆ ಬಿಟ್ಟಿದ್ದರೆ ನಮ್ಮ ಮ್ಯಾನೇಜರ್ ಎದೆ ಹಿಡಿದುಕೊಳ್ಳುತ್ತಿದ್ದರು, ಅದು ಬೇರೆ ಮಾತು.) ಸಿಂಪ್ಯೂಟರಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಂತ್ರದ ನಕ್ಷೆಯನ್ನೇ ಹಂಚಿಕೊಳ್ಳಲು ಒಂದು ಪರವಾನಗಿ ಬರೆದರು. ಯಾರು ಬೇಕಾದರೂ ನಕ್ಷೆ ತೆಗೆದುಕೊಂಡು ಸುಧಾರಿಸಬಹುದು. ಮಾರುವುದಾದರೆ ಟ್ರಸ್ಟಿಗೆ ಶುಲ್ಕ ಕಟ್ಟಬೇಕು. ಮಾಡಿದ ಸುಧಾರಣೆಯನ್ನು ಮಾರಾಟ ಶುರುವಾದ ವರ್ಷದೊಳಗೆ ಟ್ರಸ್ಟಿಗೆ ಒಪ್ಪಿಸಬೇಕು. ಕಷ್ಟಪಟ್ಟವನಿಗೆ ಒಂದು ವರ್ಷದ ಲಾಭ, ಆಮೇಲೆ ಎಲ್ಲರಿಗೂ ಪಾಲು. ಬಿ.ಕಾಂ. ಓದಿದ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಓದಿ ಹೇಳುವ ಭಾಗಕ್ಕೆ 'ಧ್ವನಿ' ಎಂದು ಹೆಸರಿಟ್ಟಿದ್ದರು. ಮೊದಲೇ ಮುದ್ರಿಸಿಟ್ಟ ಸಣ್ಣ ಸಣ್ಣ ಉಚ್ಚಾರಣೆಗಳನ್ನು ಹೂ ಪೋಣಿಸಿದಂತೆ ಪೋಣಿಸಿ ಮಾತು ಮಾಡುತ್ತಿತ್ತು. ಮಕ್ಕಳೇ, ಇಲ್ಲಿ ನಮ್ಮ ಲಿಪಿಯ ಉಪಕಾರ ನೋಡಿ. ಕನ್ನಡದಲ್ಲಿ ಹೇಗೆ ಬರೆದಿದೆಯೋ ಹಾಗೆ ಓದಿದರೆ ಆಯಿತು. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಊರಿಗೊಂದು ಉಚ್ಚಾರ. ಕಾಗುಣಿತ ಬಾಯಿಪಾಠ ಮಾಡಿಸುವ ಮೇಷ್ಟರು ಇದನ್ನು ಕೇಳಿದರೆ ಹಿಗ್ಗಿಹೋದಾರು.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಅದರ ಸ್ಮಾರ್ಟ್ ಕಾರ್ಡು. ಹಳ್ಳಿಯವರೆಲ್ಲ ತಲೆಗೊಂದು ಯಂತ್ರ ಕೊಳ್ಳಲಾರರು ಎಂದು ಅವರಿಗೆ ಗೊತ್ತಿತ್ತು. ಆದ್ದರಿಂದ ಊರಿಗೆ ಒಂದು ಸಿಂಪ್ಯೂಟರ್, ಆಳಿಗೊಂದು ಕಾರ್ಡು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಯಂತ್ರ, ಪಕ್ಕದ ಮನೆಯವರದು ತೂರಿಸಿದರೆ ಅವರದು. ಪಾಸ್‌ಬುಕ್ಕೇ ತಾನಾಗಿ ಬಾಯಿ ಬಿಟ್ಟಂತೆ! ಮೈಸೂರಿನ ಸಂಘಮಿತ್ರ ಎಂಬ ಕಿರುಸಾಲ ಸಂಸ್ಥೆ ಮುಂದೆ ತನ್ನ ಕೆಲಸಕ್ಕೆ ಇದನ್ನು ಬಳಸಿತ್ತು. ಸಣ್ಣ ಮೊತ್ತದ ಸಾಲ, ಸಣ್ಣ ಕಂತು, ಅಕ್ಷರ ಬಾರದ ಕೈಗಳು: ಅದು ಸೇರಬೇಕಾದ ಜಾಗ ಅದೇ ಅಲ್ಲವೇ?

2004ರ ಮಾರ್ಚಿನಲ್ಲಿ 'ಅಮಿಡಾ' ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ತಯಾರಿಸಿದ್ದು ನಮ್ಮ ಬಿ.ಇ.ಎಲ್. ಕಾರ್ಖಾನೆ. ಕೈಯ ಅಲುಗಾಟವನ್ನು ಅದು ತಿಳಿಯುತ್ತಿತ್ತು. ಮಣಿಕಟ್ಟನ್ನು ಸ್ವಲ್ಪ ಝಾಡಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬಂದದ್ದು 2007ರಲ್ಲಿ.

ಆದರೆ ಸಿಂಪ್ಯೂಟರ್ ಹೆಚ್ಚು ಖರ್ಚಾಗಲಿಲ್ಲ. 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ಅಮಿಡಾದ ಕಡಿಮೆ ಬೆಲೆಯ ಮಾದರಿಗೇ ಹತ್ತು ಸಾವಿರದ ಹತ್ತಿರ ಬೆಲೆ. 'ಅಗ್ಗ' ಎಂಬ ಮಾತು ಹೆಸರಿನಲ್ಲೇ ಉಳಿಯಿತು. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾಗಿ ಹಳ್ಳಿ ಹಳ್ಳಿಗೂ ನುಗ್ಗಿದವು. ಮಾತಾಡಲು ಫೋನು ಸಿಕ್ಕಿದ ಮೇಲೆ ಓದಿ ಹೇಳುವ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ? ಸೋತರು ಎಂದು ಕೆಲವರು ಬರೆದರು. ನಾನು ಆ ಖಾತೆಯನ್ನು ಅಷ್ಟು ಬೇಗ ಮುಚ್ಚಲಾರೆ. ಇಂದು ಆಂಡ್ರಾಯ್ಡ್ ಫೋನುಗಳ ಒಳಗೂ ಲಿನಕ್ಸಿನ ತಿರುಳೇ ಇದೆ.

ಇಷ್ಟು ಹೇಳಿ ಮುಗಿಸಿದಾಗ ಮೊಮ್ಮಗಳು ಮೊಬೈಲು, ಅಮಿಡಾ ಎಲ್ಲ ಬಿಟ್ಟು, "ಆ ಅಜ್ಜಿಗೆ ನೀನು ಮುಂಗಡದ ದುಡ್ಡು ಕೊಟ್ಯಾ ತಾತ?" ಎಂದಳು.

ಕೊಡಲು ಹೋಗಿದ್ದೆ. ಸಂತೆಯಲ್ಲಿ ಹುಡುಕಿ ಕೈಗಿಟ್ಟರೆ ಅವಳು ತೆಗೆದುಕೊಳ್ಳಲಿಲ್ಲ. "ದುಡ್ಡು ಬ್ಯಾಡ ಸ್ವಾಮಿ, ಇನ್ನೊಂದಪ ಸರಿಯಾಗಿ ಓದಿ ಹೇಳಿ" ಎಂದು, ಸೊಪ್ಪಿನ ಬುಟ್ಟಿಯ ಅಡಿಯಿಂದ ಪಾಸ್‌ಬುಕ್ ತೆಗೆದು ಕೊಟ್ಟಳು. ಮೊದಲ ಪುಟದಿಂದ ಓದಿದೆ.