ಇಂಗ್ಲಿಷ್ ಪರೀಕ್ಷೆಗೆ ಕನ್ನಡ ಶಾಲೆಯ ಬುತ್ತಿ

ಕಳೆದ ವಾರ ಹೆಸರಿನ ತಿದ್ದುಪಡಿಗಾಗಿ ಅಫಿಡವಿಟ್ ಮಾಡಿಸಲು ಬಂದ ತಾಯಿಯೊಬ್ಬರು ಸಹಿ ಹಾಕಿದ ಬಳಿಕವೂ ಕುಳಿತೇ ಇದ್ದರು. ಮಗಳು ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿದ್ದಾಳೆ. ಪ್ಲಸ್ ಟೂ ಮುಗಿದ ಮೇಲೆ ಯುರೋಪಿನಲ್ಲಿ ಓದಬೇಕೆಂಬುದು ಅವಳ ಆಸೆ. ಅದಕ್ಕೆ ‘ಬಿ2’ ಮಟ್ಟದ ಇಂಗ್ಲಿಷ್ ಪ್ರಮಾಣಪತ್ರ ಬೇಕಂತೆ. ಕನ್ನಡ ಶಾಲೆಯಲ್ಲೇ ಇದ್ದರೆ ಅದು ಕೈಗೆಟುಕದೆಂದು ಬಂಧುಗಳು ಹೆದರಿಸಿದ್ದಾರೆ. “ಟಿ.ಸಿ. ತೆಗೆದುಬಿಡಲೇ?” ಎಂದು ಕೇಳಿದರು.

ಕಾನೂನಿನ ಉತ್ತರ ಸುಲಭ. ಪ್ರಾಥಮಿಕ ಹಂತದಲ್ಲೂ ಮಾಧ್ಯಮದ ಆಯ್ಕೆ ಹೆತ್ತವರದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರಲ್ಲಿ ತೀರ್ಪಿತ್ತಿದೆ. ಆದರೆ ಸಾಕ್ಷ್ಯವನ್ನು ಪರಿಶೀಲಿಸದೆ ತೀರ್ಪು ಬರೆಯಬಾರದೆಂಬುದು ನಮ್ಮ ವೃತ್ತಿಯ ಮೊದಲ ಪಾಠ. ಆದ್ದರಿಂದ ಆ ಪರೀಕ್ಷೆ ಏನನ್ನು ಕೇಳುತ್ತದೆಂಬುದನ್ನು ಒಮ್ಮೆ ನೋಡೋಣ.

ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳಾಗಿ ವಿಂಗಡಿಸುವ ಯುರೋಪಿನ ಮಾನದಂಡದಲ್ಲಿ ಬಿ2 ನಾಲ್ಕನೆಯದು. ಈ ಮಟ್ಟಕ್ಕೆಂದೇ ಕೇಂಬ್ರಿಡ್ಜ್ ನಡೆಸುವ ಪರೀಕ್ಷೆ ‘ಬಿ2 ಫಸ್ಟ್’. ಇದರಲ್ಲಿ ನಾಲ್ಕು ಭಾಗಗಳಿವೆ. ಓದು ಮತ್ತು ಭಾಷಾಬಳಕೆಗೆ 75 ನಿಮಿಷ, 52 ಪ್ರಶ್ನೆಗಳು. ಬರವಣಿಗೆಗೆ 80 ನಿಮಿಷ. 140ರಿಂದ 190 ಪದಗಳ ಎರಡು ಬರಹಗಳು. ಆಲಿಸುವಿಕೆಗೆ ಸುಮಾರು 40 ನಿಮಿಷ. ಪ್ರತಿಯೊಂದು ಧ್ವನಿಮುದ್ರಣವನ್ನೂ ಎರಡು ಬಾರಿ ಕೇಳಿಸುತ್ತಾರೆ. ಸಾಮಾನ್ಯವಾಗಿ ಇಬ್ಬಿಬ್ಬರು ಅಭ್ಯರ್ಥಿಗಳನ್ನು ಜೊತೆಯಾಗಿ ಕೂರಿಸಿ ನಡೆಸುವ ಮಾತುಗಾರಿಕೆಗೆ 14 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಹಾಗಾಗಿ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. 160 ಅಂಕ ಬಂದರೆ ಉತ್ತೀರ್ಣ. ವಿಜ್ಞಾನವನ್ನೋ ಗಣಿತವನ್ನೋ ಯಾವ ಮಾಧ್ಯಮದಲ್ಲಿ ಕಲಿತಿರಿ ಎಂಬ ಪ್ರಶ್ನೆ ಇಲ್ಲಿ ಎಲ್ಲಿಯೂ ಬರುವುದಿಲ್ಲ.

ಅಭ್ಯರ್ಥಿಗಳು ಹೆಚ್ಚು ಅಂಜುವುದು ಭಾಷಾಬಳಕೆಯ ಭಾಗಕ್ಕೆ. ನಮ್ಮ ಮಕ್ಕಳ ಬುತ್ತಿಗಂಟು ಬಿಚ್ಚಿಕೊಳ್ಳುವುದೂ ಅಲ್ಲಿಯೇ. ಒಂದು ಮೂಲಪದ ಕೊಟ್ಟು ವಾಕ್ಯಕ್ಕೆ ಹೊಂದುವ ಬೇರೊಂದು ರೂಪ ಬರೆಯಿರಿ ಎನ್ನುತ್ತಾರೆ: ‘ಡಿಸೈಡ್’ ಎಂಬುದು ‘ಡಿಸಿಷನ್’ ಆಗಬೇಕು, ‘ಡಿಸೈಸಿವ್’ ಆಗಬೇಕು. ನೋಡು–ನೋಟ, ಓಡು–ಓಟ, ಜಾಣ–ಜಾಣತನ ಎಂದು ಕೃದಂತ, ತದ್ಧಿತಗಳನ್ನು ಕಲಿತ ಮಗುವಿಗೆ ಈ ಲೆಕ್ಕ ಹೊಸದಲ್ಲ. ಇನ್ನೊಂದೆಡೆ ಕೊಟ್ಟ ಪದವನ್ನು ಬದಲಿಸದೆ, ಎರಡರಿಂದ ಐದು ಪದಗಳೊಳಗೆ ಅದೇ ಅರ್ಥದ ವಾಕ್ಯವನ್ನು ಪೂರ್ಣಗೊಳಿಸಬೇಕು. ಕರ್ತರಿಯನ್ನು ಕರ್ಮಣಿಗೆ ತಿರುಗಿಸಿ ಅಭ್ಯಾಸವಿರುವವರಿಗೆ ಆ ದಾರಿಯೂ ಅಪರಿಚಿತವಲ್ಲ. ಕನ್ನಡ ವ್ಯಾಕರಣದ ತರಗತಿ ಇಂಗ್ಲಿಷಿಗೂ ಪಾಯ ಹಾಕುತ್ತಿರುತ್ತದೆ. ನಾವು ಅದನ್ನು ಗಮನಿಸಿರುವುದಿಲ್ಲ, ಅಷ್ಟೆ.

ಹಾಗೆಂದು ಕೊರತೆಗಳನ್ನು ಮುಚ್ಚಿಡಬಾರದು. ನಾನೂ ಕನ್ನಡ ಮಾಧ್ಯಮದವನೇ. ವೃತ್ತಿಯ ಮೊದಲ ವರ್ಷ, ಕಕ್ಷಿದಾರರು ಹತ್ತು ವರ್ಷಗಳಿಂದ ಅದೇ ಮನೆಯಲ್ಲಿದ್ದಾರೆ ಎಂಬುದನ್ನು ‘ಈಸ್ ರಿಸೈಡಿಂಗ್ ಸಿನ್ಸ್ ಟೆನ್ ಇಯರ್ಸ್’ ಎಂದು ಬರೆದಿದ್ದೆ. ಹಿರಿಯ ವಕೀಲರು ಕೆಂಪು ಶಾಯಿಯಲ್ಲಿ ಗೀಟು ಹಾಕಿ ‘ಹ್ಯಾಸ್ ಬೀನ್ ರಿಸೈಡಿಂಗ್ ಫಾರ್ ಟೆನ್ ಇಯರ್ಸ್’ ಎಂದು ತಿದ್ದಿದರು. ಕನ್ನಡದ ‘ವರ್ಷಗಳಿಂದ’ ನನ್ನನ್ನು ದಾರಿ ತಪ್ಪಿಸಿತ್ತು. ‘ವಿಷಯದ ಬಗ್ಗೆ ಚರ್ಚಿಸು’ ಎಂಬ ರೂಢಿಯಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುವುದೂ ಇದೇ ಜಾತಿಯ ತಪ್ಪು. ಅಲ್ಲಿ ‘ಅಬೌಟ್’ ಬೇಡ. ‘ಎ’, ‘ದ’ ಎಂಬ ಪುಟ್ಟ ಪದಗಳಿಗೆ ಕನ್ನಡದಲ್ಲಿ ನೇರವಾದ ಸಮಾನಪದವಿಲ್ಲದ ಕಾರಣ ಅವೂ ಜಾರಿಹೋಗುತ್ತವೆ. ಇಂಥ ತಪ್ಪುಗಳಿಗಾಗಿ ಬೇರೆಯೇ ಒಂದು ಪುಸ್ತಕವಿರಲಿ: ಎಡಪುಟದಲ್ಲಿ ಕನ್ನಡ ವಾಕ್ಯ, ಬಲಪುಟದಲ್ಲಿ ಸರಿಯಾದ ಇಂಗ್ಲಿಷ್ ವಾಕ್ಯ. ತಪ್ಪಿನ ಮೂಲ ತಿಳಿದವರು ಅದನ್ನು ಮರುಕಳಿಸುವುದು ಕಡಿಮೆ.

ನಿಜವಾದ ಬಡತನವಿರುವುದು ಕಿವಿಗೆ ಮತ್ತು ನಾಲಗೆಗೆ. ಅದು ಶಾಲೆ ಬದಲಿಸಿದ ಮಾತ್ರಕ್ಕೆ ತೀರದು. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಉತ್ತರವನ್ನು ಬಾಯಿಪಾಠ ಮಾಡುವರೇ ಹೊರತು ಮಾತನಾಡುವುದಿಲ್ಲ. ಹಿಂದಿನ ಮೆಟ್ಟಿಲಾದ ಬಿ1ರಿಂದ ಬಿ2ಕ್ಕೇರಲು ಸುಮಾರು 200 ಗಂಟೆಗಳ ಕಲಿಕೆ ಬೇಕೆಂಬುದು ರೂಢಿಯ ಅಂದಾಜು. ದಿನಕ್ಕೊಂದು ಗಂಟೆಯಂತೆ ಏಳು ತಿಂಗಳು. ಅದರಲ್ಲಿ ಇಪ್ಪತ್ತು ನಿಮಿಷ ರೇಡಿಯೋ ಅಥವಾ ಮೊಬೈಲಿನಲ್ಲಿ ಇಂಗ್ಲಿಷ್ ವಾರ್ತೆ ಕೇಳಿ, ಕೇಳಿದ್ದನ್ನು ತನ್ನದೇ ಮಾತಿನಲ್ಲಿ ಗಟ್ಟಿಯಾಗಿ ಹೇಳಲಿ. ವಾರಕ್ಕೆರಡು ಬಾರಿ ಗಡಿಯಾರವಿಟ್ಟು 190 ಪದ ಮೀರದಂತೆ ಒಂದು ಬರಹ ಬರೆಯಲಿ. ಪರೀಕ್ಷೆಯಲ್ಲಿ ಜೊತೆಗಾರರೊಂದಿಗೆ ಚರ್ಚಿಸಬೇಕಿರುವುದರಿಂದ ಸಹಪಾಠಿಯೊಬ್ಬಳು ಜೊತೆಗಿದ್ದರೆ ಒಳ್ಳೆಯದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಬಾರಿ ಭಾಷೆ ಬದಲಿಸುವ ಕಾಸರಗೋಡಿನ ಮಗುವಿಗೆ ನಾಲ್ಕನೆಯದನ್ನು ನಾಲಗೆಗೆ ತರುವುದು ಅಸಾಧ್ಯವೇನಲ್ಲ.

ಇನ್ನೊಂದು ಎಚ್ಚರಿಕೆ. ಸೇರಬೇಕಾದ ವಿಶ್ವವಿದ್ಯಾಲಯ ಯಾವ ಪ್ರಮಾಣಪತ್ರವನ್ನು ಒಪ್ಪುತ್ತದೆಂದು ಬರವಣಿಗೆಯಲ್ಲಿ ತಿಳಿದುಕೊಂಡೇ ಶುಲ್ಕ ಕಟ್ಟಿ. ಬ್ರಿಟನ್ನಿನ ವೀಸಾಕ್ಕೆ ಮಾನ್ಯವಾಗುವ ಪರೀಕ್ಷೆಗಳ ಪಟ್ಟಿಯೇ ಬೇರೆ. ಬಿ2 ಫಸ್ಟ್ ಅದರಲ್ಲಿಲ್ಲ. ಎಂಟನೆಯ ತರಗತಿಯ ಮಗುವಿಗೆ ಸಮಯ ಧಾರಾಳವಾಗಿದೆ. ಅವಸರವಿರುವುದು ಶುಲ್ಕ ಕಟ್ಟಿಸಿಕೊಳ್ಳುವವರಿಗೆ.

ಇಷ್ಟನ್ನೂ ಆ ತಾಯಿಗೆ ಹೇಳಿದೆ. ಮಕ್ಕಳ ತಲೆಯೆಣಿಕೆಯ ಮೇಲೆ ಅಧ್ಯಾಪಕ ಹುದ್ದೆಗಳು ನಿಂತಿರುವ ನಮ್ಮ ಶಾಲೆಗಳಲ್ಲಿ ಒಂದು ಟಿ.ಸಿ.ಯ ಭಾರವೆಷ್ಟೆಂಬುದನ್ನು ಮಾತ್ರ ಹೇಳಲಿಲ್ಲ. ಶಾಲೆಯನ್ನು ಉಳಿಸುವ ಹೊರೆಯನ್ನು ಒಂದು ಮಗುವಿನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ; ಆಯ್ಕೆ ಅವರದೇ. ಅವರು ಅಫಿಡವಿಟನ್ನು ಚೀಲದಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತು ಕೇಳಿದರು: “ಆ ಎರಡು ಪುಟದ ಪುಸ್ತಕಕ್ಕೆ ಗೆರೆಯಿರುವುದು ತರಬೇಕೋ, ಗೆರೆಯಿಲ್ಲದ್ದೋ?”

ಗೆರೆಯಿರುವುದೇ ಇರಲಿ ಎಂದೆ.